ಕಪ್ಪು ನೀರಿನ ತಳದಲ್ಲಿ ಶಾರ್ಕ್ ಹಲ್ಲಿನ ಬೇಟೆ

ಸ್ಕೂಬಾ ಡೈವಿಂಗ್ ಅಂದ ಕೂಡಲೇ ಕಣ್ಣ ಮುಂದೆ ಬರುವುದು ನೀಲಿ ನೀರು, ಬಣ್ಣಬಣ್ಣದ ಮೀನು, ಹವಳದ ಗುಡ್ಡೆ, ಮಧ್ಯದಲ್ಲಿ ಹೆಬ್ಬೆರಳೆತ್ತಿ ಪೋಸು ಕೊಟ್ಟ ಗೆಳೆಯನ ಇನ್‌ಸ್ಟಾಗ್ರಾಂ ಫೋಟೊ. (ಅಂದಹಾಗೆ, ಡೈವರ್‌ಗಳ ಸನ್ನೆ ಭಾಷೆಯಲ್ಲಿ ಹೆಬ್ಬೆರಳು ಎತ್ತಿದರೆ ‘ಸೂಪರ್’ ಎಂದಲ್ಲ, ‘ನಡಿ, ಮೇಲೆ ಹೋಗೋಣ’ ಎಂದು ಅರ್ಥ. ಫೋಟೊಗೆ ಪೋಸು ಕೊಡುವ ಮೊದಲು ಇದೊಂದು ಗೊತ್ತಿರಲಿ.) ಆದರೆ ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಕೂಪರ್ ನದಿಗೆ ಇಳಿಯುವವರಿಗೆ ಇದ್ಯಾವುದೂ ಸಿಗುವುದಿಲ್ಲ. ಅಲ್ಲಿಯ ನೀರು ಚಹಾ ಡಿಕಾಕ್ಷನ್ ಬಣ್ಣದ್ದು. ಮೇಲಿನ ಜೌಗು ಕಾಡುಗಳಲ್ಲಿ ಎಲೆ, ತೊಗಟೆ ಕೊಳೆತು ಬಿಟ್ಟ ಟ್ಯಾನಿನ್ ಅದಕ್ಕೆ ಆ ಬಣ್ಣ ಕೊಟ್ಟಿದೆ. ಕೆಲವೇ ಮೀಟರ್ ಇಳಿದರೆ ಮಧ್ಯಾಹ್ನ ಹನ್ನೆರಡಕ್ಕೂ ಅಮಾವಾಸ್ಯೆ. ಟಾರ್ಚ್ ಹಚ್ಚಿದರೂ ಕೆಂಪು ಮಂಜಿನ ನಡುವೆ ಗೇಣುದ್ದ ಕಂಡರೆ ಪುಣ್ಯ. ಮೊಸಳೆಯ ದಾಯಾದಿಗಳಾದ ಅಲಿಗೇಟರ್‌ಗಳು ಬೇರೆ ಅದೇ ನದಿಯಲ್ಲಿವೆ.

ಅಂಥ ಕಡೆಗೆ ದುಡ್ಡು ಕೊಟ್ಟು, ರಜೆ ಹಾಕಿ ಹೋಗಿ, ಹೊಟ್ಟೆ ಮೇಲೆ ತೆವಳುತ್ತಾ ನದಿಯ ತಳ ತಡಕಾಡುವ ಜನರಿದ್ದಾರೆ. ಅವರು ಹುಡುಕುವುದು ಹಲ್ಲು. ಲಕ್ಷಾಂತರ ವರ್ಷಗಳ ಹಿಂದೆ ಅಳಿದುಹೋದ ಶಾರ್ಕ್‌ಗಳ ಹಲ್ಲು.

ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡುತ್ತಿರುವ ನನಗೆ ಈ ವಿಷಯದ ಹುಚ್ಚು ಹತ್ತಿದ್ದು ಪಳೆಯುಳಿಕೆಯ ಪಾಠ ಓದುವಾಗ. ‘ಕಲ್ಲು ಓದಿದರೆ ಏನು ಕೆಲಸ ಸಿಗುತ್ತದೆ?’ ಎಂದು ಕೇಳುವ ಮನೆಯಲ್ಲಿ ‘ಹಲ್ಲು ಹುಡುಕುವವರ ಬಗ್ಗೆ ಓದುತ್ತಿದ್ದೇನೆ’ ಎಂದರೆ ಏನಾಗುತ್ತದೆಂದು ಊಹಿಸಿಕೊಳ್ಳಿ. ಆ ಪ್ರಶ್ನೆಗೆ ಕೊನೆಯಲ್ಲಿ ಬರುತ್ತೇನೆ.

ಹಲ್ಲೇ ಯಾಕೆ?

ಶಾರ್ಕ್‌ಗೆ ನಮ್ಮಂತೆ ಗಟ್ಟಿ ಮೂಳೆಯಿಲ್ಲ. ಅದರ ಅಸ್ಥಿಪಂಜರವೆಲ್ಲ ಮೃದ್ವಸ್ಥಿ, ಅಂದರೆ ನಮ್ಮ ಕಿವಿಯಲ್ಲಿರುವಂಥ ವಸ್ತು. ಸತ್ತ ಮೇಲೆ ಅದು ಸಾಮಾನ್ಯವಾಗಿ ಕೊಳೆತು ಹೋಗುತ್ತದೆ. ಉಳಿಯುವುದು ಹಲ್ಲು. ಅದೂ ಒಂದೆರಡಲ್ಲ. ನಮಗೆ ಹಾಲುಹಲ್ಲು ಬಿದ್ದ ಮೇಲೆ ಬರುವುದು ಒಂದೇ ಸೆಟ್. ಶಾರ್ಕ್‌ನ ದವಡೆಯಲ್ಲಿ ಸಾಲು ಸಾಲು ಹಲ್ಲುಗಳು ಕ್ಯೂ ನಿಂತಿರುತ್ತವೆ, ಮುಂದಿನದು ಉದುರಿದರೆ ಹಿಂದಿನದು ಮುಂದೆ ಸರಿಯುತ್ತದೆ. ಒಂದು ಶಾರ್ಕ್ ತನ್ನ ಬದುಕಿನಲ್ಲಿ ಸಾವಿರಾರು ಹಲ್ಲು ಉದುರಿಸಬಲ್ಲದು. ಅವು ಕೆಸರಲ್ಲಿ ಹೂತು, ಸುತ್ತಲ ಖನಿಜಗಳನ್ನು ಹೀರಿ, ಕಲ್ಲಿನಂತಾಗುತ್ತವೆ. ಬಿಳಿಯಿದ್ದ ಹಲ್ಲು ಕಪ್ಪೋ, ಬೂದಿಯೋ, ಕಂದೋ ಆಗುವುದು ಅದು ಮಲಗಿದ ಮಣ್ಣಿನ ಗುಣ. ಪಳಗಿದವರು ಬಣ್ಣ ನೋಡಿಯೇ ಇದು ಸುಮಾರು ಎಲ್ಲಿಯದೆಂದು ಅಂದಾಜು ಹೇಳುತ್ತಾರೆ.

ಈ ಬೇಟೆಗಾರರ ಕನಸಿನ ಹೆಸರು ಮೆಗಲೊಡಾನ್. ಗ್ರೀಕಿನಲ್ಲಿ ಹಾಗೆಂದರೆ ‘ದೊಡ್ಡ ಹಲ್ಲು’. ಸುಮಾರು 2.3 ಕೋಟಿ ವರ್ಷಗಳ ಹಿಂದಿನಿಂದ ಸುಮಾರು 36 ಲಕ್ಷ ವರ್ಷಗಳ ಹಿಂದಿನವರೆಗೆ ಜಗತ್ತಿನ ಬೆಚ್ಚಗಿನ ಕಡಲುಗಳನ್ನು ಆಳಿದ ಶಾರ್ಕ್ ಅದು. ಉದ್ದ 15 ಮೀಟರ್ ದಾಟಿತ್ತು ಎನ್ನುವುದರಲ್ಲಿ ತಕರಾರಿಲ್ಲ, ಎಷ್ಟು ದಾಟಿತ್ತು ಎನ್ನುವುದರಲ್ಲಿ ವಿಜ್ಞಾನಿಗಳು ಇನ್ನೂ ಕಿತ್ತಾಡುತ್ತಿದ್ದಾರೆ. ಇಡೀ ಅಸ್ಥಿಪಂಜರ ಯಾರಿಗೂ ಸಿಕ್ಕಿಲ್ಲ. ಹಲ್ಲು, ಕೆಲವು ಬೆನ್ನುಮೂಳೆಯ ಮಣಿಗಳು, ಅಷ್ಟೇ ಆಧಾರ. ದೊಡ್ಡ ಹಲ್ಲು ಅಂಗೈಯನ್ನು ಪೂರ್ತಿ ಮುಚ್ಚುತ್ತದೆ, ಅತಿ ದೊಡ್ಡವು 18 ಸೆಂಟಿಮೀಟರಿನ ಆಸುಪಾಸು. ಅಂಚಿನಲ್ಲಿ ಗರಗಸದಂಥ ಸಣ್ಣ ಕಚ್ಚುಗಳು ಇಂದಿಗೂ ಬೆರಳಿಗೆ ತಾಗುತ್ತವೆ. ಸಿನಿಮಾದವರು ಇದನ್ನು ಇನ್ನೂ ಬದುಕಿಸಿಟ್ಟಿದ್ದಾರೆ, ಇರಲಿ ಬಿಡಿ, ಅವರ ಹೊಟ್ಟೆಪಾಡು.

ಒಂದು ಹಲ್ಲಿನಲ್ಲಿ ಎಷ್ಟು ಸುದ್ದಿ ಅಡಗಿದೆ ಎಂಬುದಕ್ಕೆ ಒಂದೇ ಉದಾಹರಣೆ ಸಾಕು. 2023ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಮೆಗಲೊಡಾನ್ ಹಲ್ಲಿನ ಗಾಜಿನಂಥ ಹೊರಪದರದಲ್ಲಿರುವ ಕಾರ್ಬನ್, ಆಕ್ಸಿಜನ್ ಐಸೊಟೋಪ್‌ಗಳನ್ನು ಅಳೆಯಿತು. ಆ ಪ್ರಾಣಿಯ ಮೈ ಸುತ್ತಲಿನ ನೀರಿಗಿಂತ ಸುಮಾರು 7 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿತ್ತು ಎಂದು ಗೊತ್ತಾಯಿತು. ಥರ್ಮಾಮೀಟರ್ ಇಲ್ಲದೆ, ಜ್ವರ ನೋಡುವ ರೋಗಿಯೂ ಇಲ್ಲದೆ ಮೈ ಬಿಸಿ ಅಳೆದರು!

ನಾಲಿಗೆ ಕಲ್ಲಿನ ಕಥೆ

ಯುರೋಪಿನಲ್ಲಿ ಶತಮಾನಗಳ ಕಾಲ ಇವನ್ನು ‘ನಾಲಿಗೆ ಕಲ್ಲು’ ಎನ್ನುತ್ತಿದ್ದರು. ಚಂದ್ರಗ್ರಹಣದ ರಾತ್ರಿ ಆಕಾಶದಿಂದ ಉದುರುತ್ತವೆಂಬ ಮಾತನ್ನು ರೋಮಿನ ಪ್ಲಿನಿ ಬರೆದಿಟ್ಟಿದ್ದ. ಮಾಲ್ಟಾ ದ್ವೀಪದಲ್ಲಿ ಸಿಗುವ ಕಲ್ಲುಗಳಿಗೆ ವಿಷ ಇಳಿಸುವ ಶಕ್ತಿಯಿದೆಯೆಂದು ನಂಬಿ, ಶ್ರೀಮಂತರು ಅದನ್ನು ಪಾನೀಯದಲ್ಲಿ ಅದ್ದಿ ಕುಡಿಯುತ್ತಿದ್ದರು.

1666ರಲ್ಲಿ ಇಟಲಿಯ ಲಿವೊರ್ನೊ ಬಳಿ ಮೀನುಗಾರರಿಗೆ ಭಾರಿ ಶಾರ್ಕ್ ಒಂದು ಸಿಕ್ಕಿತು. ಅದರ ತಲೆಯನ್ನು ಫ್ಲಾರೆನ್ಸ್‌ನಲ್ಲಿದ್ದ ನಿಕೊಲಾಸ್ ಸ್ಟೆನೊ ಎಂಬ ಡೆನ್ಮಾರ್ಕಿನ ಯುವ ವೈದ್ಯನ ಬಳಿ ಕಳಿಸಿದರು. ಆಗ ಅವನ ವಯಸ್ಸು 28, ಅಂದರೆ ನಮ್ಮಲ್ಲಿ ಪಿಎಚ್‌.ಡಿ. ಮುಗಿಸಲು ಒದ್ದಾಡುವ ವಯಸ್ಸು. ಕೊಯ್ದು ನೋಡಿದವನಿಗೆ ಬಾಯಲ್ಲಿದ್ದ ಹಲ್ಲೂ ನಾಲಿಗೆ ಕಲ್ಲೂ ಒಂದೇ ಅನ್ನಿಸಿತು. ಅವನಿಗಿಂತ ಅರ್ಧ ಶತಮಾನ ಮೊದಲೇ ಫಾಬಿಯೊ ಕೊಲೊನ್ನಾ ಎಂಬಾತ ಹೀಗೆ ಹೇಳಿದ್ದ, ನಿಜ. ಆದರೆ ಸ್ಟೆನೊ ಅಲ್ಲಿಗೇ ನಿಲ್ಲಲಿಲ್ಲ. ಕಡಲಿನ ಹಲ್ಲು ಬೆಟ್ಟದ ಬಂಡೆಯೊಳಗೆ ಹೊಕ್ಕಿದ್ದು ಹೇಗೆ ಎಂದು ಬೆನ್ನುಹತ್ತಿದ. ಬಂಡೆ ಒಂದು ಕಾಲಕ್ಕೆ ಮೆತ್ತಗಿನ ಕೆಸರಾಗಿತ್ತು, ಪದರದ ಮೇಲೆ ಪದರ ಕೂತಿತು, ಕೆಳಗಿನದು ಹಳೆಯದು, ಮೇಲಿನದು ಹೊಸದು ಎಂದು 1669ರಲ್ಲಿ ಬರೆದ. ಇವತ್ತಿಗೂ ಭೂವಿಜ್ಞಾನದ ಮೊದಲ ಸೆಮಿಸ್ಟರಿನಲ್ಲಿ ನಮಗೆ ಹೇಳಿಕೊಡುವ ಮೊದಲ ನಿಯಮ ಅದೇ. ಒಂದು ಶಾರ್ಕಿನ ಬಾಯಿಂದ ಒಂದು ವಿಜ್ಞಾನವೇ ಹೊರಬಂತು ಎಂದರೆ ಉತ್ಪ್ರೇಕ್ಷೆಯೇನಲ್ಲ.

ನದಿಯಲ್ಲಿ ಕಡಲ ಹಲ್ಲು

ಕೂಪರ್ ನದಿ ಚಾರ್ಲ್ಸ್‌ಟನ್ ಪಟ್ಟಣದ ಬಳಿ ಅಟ್ಲಾಂಟಿಕ್ ಸೇರುತ್ತದೆ. ಆ ತಗ್ಗು ಪ್ರದೇಶವೆಲ್ಲ ಒಂದು ಕಾಲದಲ್ಲಿ ಕಡಲಡಿ ಇತ್ತು. ನದಿ ಆ ಹಳೆಯ ಕಡಲ ಮಣ್ಣನ್ನು ಕೊರೆಯುತ್ತಾ ಹರಿಯುತ್ತದೆ. ಹಗುರ ಕೆಸರು ಕೊಚ್ಚಿಹೋಗಿ, ಭಾರದ ಹಲ್ಲು, ತಿಮಿಂಗಿಲದ ಮೂಳೆ, ಬೆಣಚು ತಳದ ತಗ್ಗುಗಳಲ್ಲಿ ಉಳಿಯುತ್ತವೆ. ಮೊರದಲ್ಲಿ ಕೇರಿದಾಗ ಹೊಟ್ಟು ಹಾರಿ ಕಾಳು ಉಳಿಯುವ ಹಾಗೆ. ಆದ್ದರಿಂದ ಅಲ್ಲಿ ಇಳಿಯುವವರು ಮೊದಲು ಹುಡುಕುವುದು ಹಲ್ಲನ್ನಲ್ಲ, ಜಲ್ಲಿ ಹಾಸನ್ನು.

ಇದೇ ಮಣ್ಣಿನಲ್ಲಿ ಫಾಸ್ಫೇಟ್ ಗಂಟುಗಳೂ ಇದ್ದವು. ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ, 1860ರ ದಶಕದ ಕೊನೆಯಿಂದ, ಚಾರ್ಲ್ಸ್‌ಟನ್ ಸುತ್ತ ಗೊಬ್ಬರಕ್ಕಾಗಿ ಈ ಗಂಟುಗಳ ಗಣಿಗಾರಿಕೆ ಜೋರಾಯಿತು. ದುಡಿದವರಲ್ಲಿ ಬಹುಪಾಲು ಆಗಷ್ಟೇ ಗುಲಾಮಗಿರಿಯಿಂದ ಬಿಡುಗಡೆಯಾಗಿದ್ದ ಕಪ್ಪು ಜನ. ಅಗೆದಾಗ ಹಲ್ಲುಗಳೂ ರಾಶಿ ರಾಶಿ ಬಂದವು.

ಅದಕ್ಕೂ ಹಿಂದಿನ ಕಥೆ ನಮ್ಮಂಥ ಅಕ್ಕಿ ಉಣ್ಣುವವರಿಗೆ ಇನ್ನೂ ಹತ್ತಿರದ್ದು. ಕೂಪರ್ ದಡದ ಉದ್ದಕ್ಕೂ ಇದ್ದದ್ದು ಭತ್ತದ ಗದ್ದೆಗಳು. ಪಶ್ಚಿಮ ಆಫ್ರಿಕಾದಿಂದ ಹಿಡಿದು ತಂದ ಜನ ಜೌಗು ಕಾಡು ಕಡಿದು, ಏರಿ ಕಟ್ಟಿ, ತೂಬು ಇಟ್ಟು, ಉಬ್ಬರ ಬಂದಾಗ ಸಿಹಿನೀರು ಒಳಗೆ ಬಿಟ್ಟುಕೊಂಡು, ಇಳಿತದಲ್ಲಿ ಹೊರಗೆ ಹಾಕುವ ವ್ಯವಸ್ಥೆ ಮಾಡಿದ್ದರು. ಭತ್ತ ಬೆಳೆಯುವ ತಿಳಿವಳಿಕೆ ಅವರಲ್ಲಿ ಅನೇಕರಿಗೆ ತಮ್ಮ ನಾಡಿನಿಂದಲೇ ಬಂದಿತ್ತು, ಲಾಭ ಮಾತ್ರ ಒಡೆಯರದು. ಅವರು ಕೈಯಲ್ಲೇ ಮಾಡಿದ ಮಣ್ಣಿನ ಗಡಿಗೆಯ ಚೂರುಗಳು ಇಂದಿಗೂ ನದಿತಳದಲ್ಲಿ ಹಲ್ಲಿನ ಪಕ್ಕದಲ್ಲೇ ಸಿಗುತ್ತವೆ. ಕೋಟಿ ವರ್ಷದ ಹಲ್ಲು, ಇನ್ನೂರು ಚಿಲ್ಲರೆ ವರ್ಷದ ಮಡಕೆ ಚೂರು, ಎರಡೂ ಒಂದೇ ಹಿಡಿ ಜಲ್ಲಿಯಲ್ಲಿ. ನನ್ನನ್ನು ಕೇಳಿದರೆ ಆ ಚೂರಿನ ಮುಂದೆ ಮೆಗಲೊಡಾನ್ ಕೂಡ ಸಣ್ಣದು.

ಹೀಗಾಗಿಯೇ ಅಲ್ಲಿ ಸುಮ್ಮನೆ ಮುಳುಗಿ ಎತ್ತಿಕೊಂಡು ಬರುವಂತಿಲ್ಲ. 1991ರ ದಕ್ಷಿಣ ಕೆರೊಲಿನಾ ಜಲಾಂತರ್ಗತ ಪುರಾವಸ್ತು ಕಾಯ್ದೆಯ ಪ್ರಕಾರ ‘ಹವ್ಯಾಸಿ ಲೈಸೆನ್ಸ್’ ಬೇಕು. ಕೈಯಿಂದ ಎತ್ತಬಹುದು, ಯಂತ್ರ ಹಾಕಿ ಅಗೆಯುವಂತಿಲ್ಲ. ಏನು ಸಿಕ್ಕಿತು, ಎಲ್ಲಿ ಸಿಕ್ಕಿತು ಎಂದು ರಾಜ್ಯಕ್ಕೆ ವರದಿ ಕೊಡಬೇಕು. ‘ಮುಟ್ಟಬೇಡ’ ಎಂದು ಬೋರ್ಡ್ ಹಾಕಿ ಕೂರುವ ಬದಲು ‘ಮುಟ್ಟು, ಆದರೆ ಬಂದು ಹೇಳು’ ಎನ್ನುವ ಈ ವ್ಯವಸ್ಥೆ ನನಗೆ ಜಾಣತನದ್ದು ಅನ್ನಿಸುತ್ತದೆ. ಸರ್ಕಾರಿ ಸಂಬಳವಿಲ್ಲದ ನೂರಾರು ಜೋಡಿ ಕೈಗಳು ನದಿಯ ಸರ್ವೆ ಮಾಡಿದಂತಾಗುತ್ತದೆ. ಎಲ್ಲರೂ ಪ್ರಾಮಾಣಿಕವಾಗಿ ವರದಿ ಬರೆಯುತ್ತಾರಾ ಅಂತ ಕೇಳಬೇಡಿ, ನಾವು ಪ್ರಾಕ್ಟಿಕಲ್ ರೆಕಾರ್ಡ್ ಬರೆಯುವುದು ಹೇಗೆಂದು ನಮಗೇ ಗೊತ್ತು.

ಇಳಿಯುವುದು ಹೇಗೆ?

ಕೂಪರ್ ನದಿಯಲ್ಲಿ ಸಮುದ್ರದ ಉಬ್ಬರವಿಳಿತದ ಎಳೆತವಿದೆ. ದಿನಕ್ಕೆ ಎರಡು ಬಾರಿ ನೀರು ಮೇಲೇರುತ್ತದೆ, ಎರಡು ಬಾರಿ ಇಳಿಯುತ್ತದೆ. ಎರಡರ ನಡುವೆ ನೀರು ಉಸಿರು ಹಿಡಿದಂತೆ ನಿಲ್ಲುವ ಸ್ವಲ್ಪ ಹೊತ್ತು ಇರುತ್ತದಲ್ಲ, ಆಗ ಇಳಿಯಬೇಕು. ಹೊತ್ತು ಮೀರಿದರೆ ಸೆಳೆತ ಶುರು. ಅದಕ್ಕೆ ಇವರ ಬಳಿಯಿರುವ ಹೈಟೆಕ್ ಉಪಕರಣ ಯಾವುದು ಗೊತ್ತೆ? ಉದ್ದನೆಯ ಸ್ಕ್ರೂಡ್ರೈವರ್! ಅದನ್ನು ತಳಕ್ಕೆ ಚುಚ್ಚಿ ಹಿಡಿದುಕೊಂಡು, ಕಿತ್ತು ಮುಂದೆ ಚುಚ್ಚಿ, ಇಂಚಿಂಚಾಗಿ ತೆವಳುತ್ತಾರೆ. ತೇಲದಂತೆ ಸೊಂಟಕ್ಕೆ ಹೆಚ್ಚುವರಿ ಸೀಸದ ತೂಕ, ಕೈಗೆ ಗವಸು, ಹೆಗಲಿಗೆ ಬಲೆಚೀಲ. ಹಲ್ಲನ್ನು ಕಣ್ಣಿಗಿಂತ ಬೆರಳೇ ಮೊದಲು ಗುರುತಿಸುತ್ತದೆ: ಒಂದು ಬದಿ ಒರಟು ಬೇರು, ಇನ್ನೊಂದು ಬದಿ ನುಣುಪು ಹೊರಪದರ, ಅಂಚಿಗೆ ಗರಗಸ.

ಡೈವಿಂಗ್ ಕ್ಲಾಸಿನಲ್ಲಿ ಕಲಿಸುವ ಮೊದಲ ಪಾಠ ಜೋಡಿಯಾಗಿ ಇಳಿಯಿರಿ ಎಂಬುದು. ಇಲ್ಲಿ ಪಕ್ಕದವನ ಕಾಲೂ ಕಾಣುವುದಿಲ್ಲ, ಜೋಡಿ ಹೆಸರಿಗಷ್ಟೇ. ಮುಳುಗಿದ ಮರದ ಕೊಂಬೆಗೋ ತುಂಡಾದ ಗಾಳದ ದಾರಕ್ಕೋ ಸಿಕ್ಕಿಕೊಂಡರೆ ಬಿಡಿಸಿಕೊಳ್ಳಬೇಕಾದವರು ನೀವೇ. ಗಾಬರಿಯಾದರೆ ಉಸಿರಿನ ವೇಗ ಹೆಚ್ಚುತ್ತದೆ, ಸಿಲಿಂಡರ್ ಬೇಗ ಖಾಲಿಯಾಗುತ್ತದೆ. ಅದಕ್ಕೇ ಅಲ್ಲಿಯ ದೋಣಿಯವರು ಅನುಭವವಿಲ್ಲದವರನ್ನು ಹತ್ತಿಸಿಕೊಳ್ಳಲು ಹಿಂಜರಿಯುತ್ತಾರೆ.

ಕತ್ತಲೆ ಬೇಡ ಎನ್ನುವವರಿಗೆ ಪಕ್ಕದ ಉತ್ತರ ಕೆರೊಲಿನಾದಲ್ಲಿ ಆನ್ಸ್‌ಲೊ ಕೊಲ್ಲಿ ಇದೆ. ನೀರು ತಿಳಿ, ಹಲ್ಲುಗಳೂ ದೊಡ್ಡವು. ಆದರೆ ದಡದಿಂದ ಹತ್ತಾರು ಕಿಲೋಮೀಟರ್ ದೂರ, ಆಳ ಸುಮಾರು 30 ಮೀಟರ್. ಇಲ್ಲಿ ಕಷ್ಟ ಕಣ್ಣಿಗಲ್ಲ, ಲೆಕ್ಕಕ್ಕೆ. ನೀರಲ್ಲಿ ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. 30 ಮೀಟರಿನಲ್ಲಿ ಒತ್ತಡ ಮೇಲಿನದರ ನಾಲ್ಕು ಪಟ್ಟು, ಪ್ರತಿ ಉಸಿರಿಗೂ ಸಿಲಿಂಡರಿನಿಂದ ನಾಲ್ಕು ಪಟ್ಟು ಗಾಳಿ. ಮೇಲೆ ಒಂದು ಗಂಟೆ ಬರುವ ಗಾಳಿ ಅಲ್ಲಿ ಹದಿನೈದೇ ನಿಮಿಷ. ಜೊತೆಗೆ ಒತ್ತಡದಲ್ಲಿ ನೈಟ್ರೋಜನ್ ರಕ್ತಕ್ಕೆ, ಅಂಗಾಂಶಗಳಿಗೆ ಕರಗುತ್ತದೆ. ಸರ್ರನೆ ಮೇಲೆ ಬಂದರೆ ಸೋಡಾ ಬಾಟಲಿ ಮುಚ್ಚಳ ತೆಗೆದಂತೆ ಮೈಯೊಳಗೆ ಗುಳ್ಳೆ. ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೆ ಏನೂ ಆಗಬಹುದು. ಹಾಗಾಗಿ ನಿಧಾನಕ್ಕೆ ಏರಬೇಕು, 5 ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲಬೇಕು. ಆಕ್ಸಿಜನ್ ಪ್ರಮಾಣ ಹೆಚ್ಚಿಸಿದ ನೈಟ್ರಾಕ್ಸ್ ಬಳಸಿದರೆ ತಳದಲ್ಲಿ ಒಂದಷ್ಟು ನಿಮಿಷ ಹೆಚ್ಚು ಸಿಗುತ್ತದೆ. ಆದರೆ ಅದನ್ನೇ ಇನ್ನೂ ಆಳಕ್ಕೆ ಒಯ್ದರೆ ಆಕ್ಸಿಜನ್ನೇ ವಿಷ. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ಬಾಯ್ಲ್ ನಿಯಮ, ಹೆನ್ರಿ ನಿಯಮ ಎಲ್ಲಿ ಉಪಯೋಗಕ್ಕೆ ಬರುತ್ತವೆ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ.

ಹಲ್ಲು ಕಣ್ಣೆದುರಿಗಿದೆ, ಗೇಜ್‌ನ ಮುಳ್ಳು ಕೆಂಪಿಗೆ ಬಂದಿದೆ. ಇನ್ನೊಂದೇ ನಿಮಿಷ ಅನ್ನಿಸುತ್ತದೆ. ಈ ಹವ್ಯಾಸದ ನಿಜವಾದ ಅಪಾಯ ಅಲಿಗೇಟರ್ ಅಲ್ಲ, ಆ ‘ಇನ್ನೊಂದೇ ನಿಮಿಷ’.

ವೀಟೊ ಬರ್ಟೂಚಿ ಎಂಬಾತನ ಹೆಸರು ಈ ಲೋಕದಲ್ಲಿ ಎಲ್ಲರಿಗೂ ಗೊತ್ತು. ಆಭರಣದ ಕೆಲಸ ಬಿಟ್ಟು ಹಲ್ಲಿನ ಬೆನ್ನುಹತ್ತಿದವನು. ವರ್ಷಗಟ್ಟಲೆ ಕೂಡಿಸಿದ ಹಲ್ಲುಗಳಿಂದ ಸುಮಾರು 11 ಅಡಿ ಅಗಲದ ಮೆಗಲೊಡಾನ್ ದವಡೆಯ ಮಾದರಿ ಕಟ್ಟಿದ. ಅಷ್ಟು ಪಳಗಿದವನು 2004ರಲ್ಲಿ ಜಾರ್ಜಿಯಾದ ನದಿಯೊಂದರಲ್ಲಿ ಹಲ್ಲು ಹುಡುಕಲು ಇಳಿದವನು ಜೀವಂತ ಮೇಲೆ ಬರಲಿಲ್ಲ.

ತೀರಾ ಸುಲಭದ್ದು ಬೇಕೆಂದರೆ ಫ್ಲಾರಿಡಾದ ವೆನಿಸ್. ಆಳ ಹತ್ತು ಮೀಟರಿನೊಳಗೆ, ಹೊಸಬರಿಗೂ ಸರಿ. ಊರಿನವರು ಅದನ್ನು ಜಗತ್ತಿನ ಶಾರ್ಕ್ ಹಲ್ಲಿನ ರಾಜಧಾನಿ ಎಂದೇ ಕರೆದುಕೊಳ್ಳುತ್ತಾರೆ. ನೀರಿಗಿಳಿಯದವರು ಮರಳು ಜರಡಿ ಹಿಡಿದು ದಡದಲ್ಲೇ ಆರಿಸಬಹುದು.

ಮಾರುವುದೋ, ಕೊಡುವುದೋ?

ಒಳ್ಳೆಯ ಹಲ್ಲಿಗೆ ಮಾರುಕಟ್ಟೆಯಿದೆ. ಮುರಿದದ್ದಕ್ಕೆ ಪುಡಿಗಾಸು, ಅಂಚು ಮುಕ್ಕಾಗದ ಆರು ಇಂಚಿನದಕ್ಕೆ ಸಾವಿರಾರು ಡಾಲರ್. ದುಡ್ಡು ಇದ್ದಲ್ಲಿ ಅಂಟು ಹಾಕಿ, ಬಣ್ಣ ಬಳಿದು ‘ರಿಪೇರಿ’ ಮಾಡುವವರೂ ಇದ್ದೇ ಇರುತ್ತಾರೆ. ಮಾರಾಟವನ್ನೇ ಪಾಪವೆಂದು ನಾನು ಹೇಳಲಾರೆ. ನದಿತಳದ ಬಿಡಿ ಹಲ್ಲು ತಾನು ಹುಟ್ಟಿದ ಪದರದಿಂದ ಆಗಲೇ ಕಳಚಿಕೊಂಡಿರುತ್ತದೆ, ಸ್ಟೆನೊ ಹೇಳಿದ ಮೇಲು-ಕೆಳಗಿನ ಲೆಕ್ಕ ಅದಕ್ಕೆ ಅನ್ವಯಿಸುವುದಿಲ್ಲ. ಆದರೆ ಬಂಡೆಯೊಳಗೇ ಇರುವ ಹಲ್ಲಿನ ಮಾತು ಬೇರೆ. 2015ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಜಾನ್ ಜಕ್ ಕಡಲತೀರದಲ್ಲಿ ಫಿಲಿಪ್ ಮುಲ್ಲಲಿ ಎಂಬ ಶಾಲಾ ಶಿಕ್ಷಕರ ಕಣ್ಣಿಗೆ ಬಂಡೆಯಲ್ಲಿ ಹೊಳೆಯುವ ಹಲ್ಲೊಂದು ಬಿತ್ತು. ಅವರು ಮ್ಯೂಸಿಯಂಗೆ ತಿಳಿಸಿದರು. ಅಗೆದಾಗ ನಲವತ್ತಕ್ಕೂ ಹೆಚ್ಚು ಹಲ್ಲುಗಳು, ಅವುಗಳಲ್ಲಿ ಹೆಚ್ಚಿನವು ಸುಮಾರು 2.5 ಕೋಟಿ ವರ್ಷಗಳ ಹಿಂದಿನ ಒಂದೇ ಶಾರ್ಕ್‌ನವು! ಜೊತೆಗೆ ಅದರ ಹೆಣ ತಿನ್ನಲು ಬಂದ ಬೇರೆ ಶಾರ್ಕ್‌ಗಳ ಸಣ್ಣ ಹಲ್ಲುಗಳೂ ಸಿಕ್ಕವು. ಮುಲ್ಲಲಿ ಮೊದಲ ಹಲ್ಲನ್ನು ಕಿತ್ತು ಜೇಬಿಗಿಳಿಸಿದ್ದರೆ ಆ ಊಟದ ಕಥೆ ಯಾರಿಗೂ ತಿಳಿಯುತ್ತಿರಲಿಲ್ಲ.

ನಮ್ಮಲ್ಲಿ ಸಿಗುತ್ತಾ?

ಕರ್ನಾಟಕದಲ್ಲಿ ಹುಡುಕಿ ಪ್ರಯೋಜನವಿಲ್ಲ, ಕಾರಣ ಮಾತ್ರ ಹೆಮ್ಮೆಯದು. ನಮ್ಮ ಬಹುಪಾಲು ಬಂಡೆಗಳು ಶಾರ್ಕ್‌ಗಳಿಗಿಂತ ಹಳೆಯವು. ಶಾರ್ಕ್ ವಂಶ ಹುಟ್ಟಿ ನಲವತ್ತು ಕೋಟಿ ವರ್ಷಗಳಾದವು, ಲಾಲ್‌ಬಾಗಿನ ಬಂಡೆಗೆ ಸುಮಾರು ಮುನ್ನೂರು ಕೋಟಿ. ಬಾಗಲಕೋಟೆ ಕಡೆಯ ಕಲಾದಗಿ ಶಿಲೆಗಳಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ ಸ್ಟ್ರೊಮಾಟೊಲೈಟ್ ಗುರುತುಗಳಿವೆ, ಅವು ಬೆನ್ನುಮೂಳೆ ಎಂಬುದು ಹುಟ್ಟುವ ಮೊದಲಿನವು. ಹಲ್ಲು ಬೇಕೆಂದರೆ ಒಡಿಶಾದ ಬಾರಿಪದಕ್ಕೋ ಗುಜರಾತಿನ ಕಚ್ಛ್‌ಗೋ ಹೋಗಬೇಕು. ರಾಜಸ್ಥಾನದ ಜೈಸಲ್ಮೇರ್ ಬಳಿಯ ಜುರಾಸಿಕ್ ಶಿಲೆಗಳಲ್ಲಿ ಸಿಕ್ಕ ಹಲ್ಲುಗಳಿಂದ 2021ರಲ್ಲಿ ಹೊಸ ಶಾರ್ಕ್ ಪ್ರಭೇದವೊಂದನ್ನೇ ಗುರುತಿಸಿ, ಊರಿನ ಹೆಸರನ್ನೇ ಇಟ್ಟರು. ಮರಳುಗಾಡಿನಲ್ಲಿ ಶಾರ್ಕ್! ನಮ್ಮ ದಕ್ಷಿಣದ ಹಿಂದೂ ಮಹಾಸಾಗರದಲ್ಲೂ 2022ರಲ್ಲಿ ಆಸ್ಟ್ರೇಲಿಯಾದ ಸಂಶೋಧನಾ ಹಡಗೊಂದು ಕೊಕೊಸ್ ದ್ವೀಪಗಳ ಬಳಿ ಸುಮಾರು 5,400 ಮೀಟರ್ ಆಳದಿಂದ 750ಕ್ಕೂ ಹೆಚ್ಚು ಪಳೆಯುಳಿಕೆ ಹಲ್ಲುಗಳನ್ನು ಬಲೆಯಲ್ಲಿ ಎತ್ತಿತು. ಅಲ್ಲಿಗೆ ಯಾವ ಡೈವರೂ ಇಳಿಯಲಾರ.

ಡೈವಿಂಗ್ ಕಲಿಯಬೇಕೆಂದರೆ ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ಇದೆ, ಮಳೆಗಾಲ ಬಿಟ್ಟು. ಒಂದು ಮಾತು: ತರಬೇತುದಾರ ಕೈಹಿಡಿದು ಅರ್ಧ ಗಂಟೆ ಮುಳುಗಿಸಿ ತರುವ ‘ಟ್ರೈ ಡೈವ್’ ಬೇರೆ, ಸ್ವಂತ ಇಳಿಯುವ ಅರ್ಹತೆ ಕೊಡುವ ‘ಓಪನ್ ವಾಟರ್’ ಕೋರ್ಸ್ ಬೇರೆ. ಎರಡನೆಯದು ಮುಗಿಸಿದವರಿಗೂ ಮಿತಿ 18 ಮೀಟರ್. ಪ್ರತಿ ಬೇಸಿಗೆಯಲ್ಲಿ ಕಲ್ಲುಕ್ವಾರಿಯ ಹೊಂಡಕ್ಕೆ ರೀಲ್ಸ್ ಮಾಡಲು ಇಳಿದ ನಮ್ಮ ವಯಸ್ಸಿನವರ ಸುದ್ದಿ ಇದೇ ಪತ್ರಿಕೆಗಳಲ್ಲಿ ಓದುತ್ತೇವೆ. ಕೂಪರ್‌ನ ಕತ್ತಲಿಗೆ ಇಳಿಯುವವರು ವರ್ಷಗಟ್ಟಲೆ ತಯಾರಾಗಿ, ಉಬ್ಬರದ ಪಟ್ಟಿ ನೋಡಿ, ಮೇಲೆ ದೋಣಿ ಕಾವಲಿಟ್ಟು ಇಳಿಯುತ್ತಾರೆ. ನಾವು ಈಜು ಬಾರದೆಯೂ ಇಳಿಯುತ್ತೇವೆ.

ಈಗ ಮನೆಯವರ ಪ್ರಶ್ನೆ. ಹಲ್ಲು ಹುಡುಕುವುದು ಕೆಲಸವಲ್ಲ. ಆದರೆ ಅದರ ಅಕ್ಕಪಕ್ಕದಲ್ಲಿ ಕೆಲಸಗಳಿವೆ. ಭೂವಿಜ್ಞಾನ ಓದಿದವರು ಯುಪಿಎಸ್‌ಸಿ ನಡೆಸುವ ಕಂಬೈನ್ಡ್ ಜಿಯೊ-ಸೈಂಟಿಸ್ಟ್ ಪರೀಕ್ಷೆ ಬರೆದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಸೇರಬಹುದು, ಅಲ್ಲಿ ಪಳೆಯುಳಿಕೆ ವಿಭಾಗವೂ ಇದೆ. ಲಖನೌದ ಬೀರಬಲ್ ಸಾಹ್ನಿ ಸಂಸ್ಥೆ ಇರುವುದೇ ಪ್ರಾಚೀನ ಜೀವಿಗಳ ಅಧ್ಯಯನಕ್ಕೆ. ನೀರಿಗಿಳಿಯುವ ಆಸೆಯಿದ್ದವರಿಗೆ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ. ಅಲ್ಲಿ ಕಡಲ ಪುರಾತತ್ತ್ವಕ್ಕೆ ಬುನಾದಿ ಹಾಕಿ, 1980ರ ದಶಕದಲ್ಲಿ ದ್ವಾರಕೆಯ ಕಡಲಡಿ ಶೋಧ ನಡೆಸಿದವರು ಶಿಕಾರಿಪುರ ರಂಗನಾಥ ರಾವ್, ನಮ್ಮ ಕನ್ನಡಿಗರೇ. ಸೀಟುಗಳು ಕಡಿಮೆ, ಸ್ಪರ್ಧೆ ಜಾಸ್ತಿ, ಸುಳ್ಳು ಹೇಳುವುದಿಲ್ಲ. ನಾನಂತೂ ಈ ಸಲದ ಜಿಯೊ-ಸೈಂಟಿಸ್ಟ್ ಪರೀಕ್ಷೆಗೆ ಓದುತ್ತಿದ್ದೇನೆ. ಅಮ್ಮನಿಗೆ ‘ಸೆಂಟ್ರಲ್ ಗವರ್ನಮೆಂಟ್’ ಎಂಬ ಎರಡು ಪದಗಳಷ್ಟೇ ಕೇಳಿಸಿವೆ, ಹಲ್ಲಿನ ವಿಷಯ ಸದ್ಯಕ್ಕೆ ಎತ್ತುತ್ತಿಲ್ಲ.